ಸವೆಯುವ ಹಲ್ಲು: ಮಗಳಿಗೊಂದು ಪತ್ರ

ಚಿ. ಸಿಂಧೂಗೆ ಅಪ್ಪನ ಆಶೀರ್ವಾದಗಳು.

ಮುಪ್ಪೇ ಬಾರದ ಇಲಿಗಳನ್ನು ರೂಪಿಸುವ ಪ್ರಯೋಗಾಲಯ ಸೇರಲು ನೀನು ಬರುವ ವಾರ ಕ್ಯಾಲಿಫೋರ್ನಿಯಾಕ್ಕೆ ಹೊರಡುತ್ತಿರುವುದು ನನಗೆ ಬಹಳ ಹೆಮ್ಮೆ ತಂದಿದೆ. ಆದರೂ ಸುದ್ದಿ ಕೇಳಿದ ರಾತ್ರಿ ನಾನೇಕೆ ಮಾತಾಡಲಿಲ್ಲ ಎಂಬುದನ್ನು ಎದುರಿಗೆ ಹೇಳಲಾಗದೆ ಬರೆಯುತ್ತಿದ್ದೇನೆ.

ನೀನು ಹುಟ್ಟುವ ಮೊದಲು ನಾನು ಕಬಿನಿ ಹಿನ್ನೀರಿನ ಬಳಿ ಅರಣ್ಯಾಧಿಕಾರಿಯಾಗಿದ್ದೆ. ಬೇಸಿಗೆಯಲ್ಲಿ ನೀರು ಇಳಿದು ಎಳೆಹುಲ್ಲು ಚಿಗುರಿದಾಗ ಒಂದು ಮುದಿ ಹೆಣ್ಣಾನೆ ದಂಡೆ ಬಿಟ್ಟು ಕದಲುತ್ತಿರಲಿಲ್ಲ. ಆನೆಗೆ ದವಡೆ ಹಲ್ಲು ಬರುವುದು ಆರು ಸಲ ಮಾತ್ರ. ಕೊನೆಯದೂ ಸವೆದ ಮೇಲೆ ಬಿದಿರು, ತೊಗಟೆಗಳನ್ನು ಅಗಿಯಲಾಗದು. ಅದರ ಲದ್ದಿಯಲ್ಲಿ ನಾರು ಇದ್ದ ಹಾಗೆಯೇ ಬಿದ್ದಿರುತ್ತಿತ್ತು, ಕಪೋಲಗಳು ಗುಳಿಬಿದ್ದಿದ್ದವು. ಮಳೆಗೆ ಮುಂಚೆ ಒಂದು ದಿನ ದಿಬ್ಬದ ಮೇಲೆ ಮಲಗಿದ್ದು ಏಳಲೇ ಇಲ್ಲ. ಹದ್ದು, ಹಂದಿ, ಹುಳುಗಳೆಲ್ಲ ಅದನ್ನು ಹಂಚಿಕೊಂಡವು. ಆ ಸಾವು ಇಂದಿಗೂ ನನ್ನನ್ನು ಕಾಡುತ್ತದೆ. ಆದರೆ ದಿನಕ್ಕೆ ಸುಮಾರು 150 ಕಿಲೋ ಮೇವು ಎಳೆಯ ಆನೆಗಳ ಪಾಲಿಗೆ ಉಳಿದದ್ದೂ ಆ ಸಾವಿನಿಂದಲೇ.

ಆ ಹಲ್ಲು ಸವೆಯದೇ ಇದ್ದಿದ್ದರೆ? 2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳಿದ್ದವು. ಅಷ್ಟಕ್ಕೇ ಕಾಡು ಸಾಲದೆ ಕೊಡಗಿನ ಕಾಫಿ ತೋಟಗಳಿಗೆ ಅವು ಇಳಿಯುತ್ತಿವೆ.

ಕಾಡಿಲಿ ಮುಪ್ಪಾಗುವ ಮೊದಲೇ ಗೂಬೆಗೋ ಹಾವಿಗೋ ಆಹಾರವಾಗುತ್ತದೆ ಎಂದು ನೀನು ಹೇಳುವೆ, ನಿಜ. ಆದರೆ ಈ ವಿದ್ಯೆ ಇಲಿಗೇ ನಿಲ್ಲುವುದಿಲ್ಲ, ಮುಪ್ಪಿನಿಂದಲೇ ಸಾಯುವ ದೊಡ್ಡ ಪ್ರಾಣಿಗಳವರೆಗೂ ಹೋಗುತ್ತದೆ. 1993ರಲ್ಲಿ ಅಮೆರಿಕದ ಜೀವವಿಜ್ಞಾನಿ ಸಿಂಥಿಯಾ ಕೆನ್ಯನ್ ಅವರ ತಂಡ, ಡ್ಯಾಫ್-2 ಎಂಬ ಒಂದೇ ಜೀನ್ ಬದಲಾದರೆ ಸಣ್ಣ ದುಂಡುಹುಳುವಿನ ಆಯುಷ್ಯ ಇಮ್ಮಡಿಯಾಗುವುದನ್ನು ತೋರಿಸಿತು. ಮುಂದೆ ಆ ಹುಳುಗಳನ್ನು ಸಾಮಾನ್ಯ ಹುಳುಗಳ ಜೊತೆ ಬಿಟ್ಟು ನೋಡಿದಾಗ, ಎಳೆಪ್ರಾಯದಲ್ಲಿ ಮೊಟ್ಟೆ ಕಡಿಮೆ ಇಡುವ ಕಾರಣಕ್ಕೆ ಅವು ಕೆಲವೇ ತಲೆಮಾರುಗಳಲ್ಲಿ ಅಳಿದವು. ದೀರ್ಘಾಯುಷ್ಯಕ್ಕೆ ಸಂತಾನದಲ್ಲಿ ಬೆಲೆ ತೆರಬೇಕಾದದ್ದೇ ಅಲ್ಲಿ ಲಗಾಮಾಗಿತ್ತು. ಆಯುಷ್ಯವೂ ಇರಲಿ, ಸಂತಾನವೂ ಕುಗ್ಗದಿರಲಿ ಎಂದು ನೀವು ಆ ಲಗಾಮನ್ನೂ ತೆಗೆದರೆ ಹುಟ್ಟುವ ಮರಿ ಎಲ್ಲಿ ಮೇಯಬೇಕು? ನನ್ನ ಭಯವೆಲ್ಲ ಇದೇ.

ಉಪದೇಶ ಬೇಡವೆಂದುಕೊಂಡೇ ಕುಳಿತಿದ್ದೆ, ಅತಿಯಾಗಿದ್ದರೆ ಕ್ಷಮಿಸು. ಅಂಥ ಪ್ರಾಣಿ ಹೊರಬಿದ್ದರೂ ಮರಿಹಾಕದಂತೆ ಮೊದಲೇ ವ್ಯವಸ್ಥೆ ಮಾಡಿಸು. ಕಾಡು ಬಲ್ಲವರೊಬ್ಬರನ್ನು ನಿಮ್ಮ ಚರ್ಚೆಗೆ ಕರೆಸಲು ಒತ್ತಾಯಿಸು; ಹೊಸಬಳೆಂದು ಸಂಕೋಚಪಡಬೇಡ. ಮರಿಗಳ ಮೇವಿನ ಪ್ರಶ್ನೆಯನ್ನು ಮೊದಲ ಸಭೆಯಲ್ಲೇ ಕೇಳಿ, ನಿನ್ನ ಹಿರಿಯರು ಏನು ಹೇಳಿದರೆಂದು ನನಗೆ ಬರೆ.

ನಿನ್ನ
ಅಪ್ಪ