ಸತ್ತವರನ್ನು ಹೊಗಳಲೇಬೇಕಾ?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಶ್ರದ್ಧಾಂಜಲಿ ಪುಟದಲ್ಲಿ ದಿನಾ ಕಾಣುವ ‘ಸ್ನೇಹಜೀವಿ’, ‘ಪರೋಪಕಾರಿ’ ಅನ್ನೋ ಮಾತುಗಳ ಬಗ್ಗೆ ನನ್ನ ತಕರಾರಿಲ್ಲ. ಎಷ್ಟೋ ಜನ ನಿಜಕ್ಕೂ ಹಾಗೇ ಬದುಕಿರುತ್ತಾರೆ. ಆದರೆ ಊರಿಗೆ ಉಪಕಾರಿ, ಮನೆಗೆ ಮಾರಿ ಆಗಿದ್ದವರು ಹೋದಾಗ ಆ ಮನೆಯವರ ದುಃಖ ಹೇಗಿರುತ್ತೆ ಅಂತ ಯಾರೂ ಬರೆಯೋದಿಲ್ಲ.

ನಮ್ಮ ಅಪ್ಪಯ್ಯ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಸೊಸೈಟಿಯಲ್ಲಿ, ತಾಳಮದ್ದಳೆಯಲ್ಲಿ, ಮದುವೆ ಮನೆಯಲ್ಲಿ ಅವರಿದ್ದ ಕಡೆ ನಗು. ಮನೆಯಲ್ಲಿ ಮಾತ್ರ ಎಲ್ಲವೂ ಅವರ ಸುತ್ತಲೇ ತಿರುಗಬೇಕು. ಅಡಿಕೆ ಫಸಲು ಚೆನ್ನಾಗಿ ಬಂದರೆ ಅವರ ಬುದ್ಧಿವಂತಿಕೆ, ಕೊಳೆ ರೋಗ ಬಂದರೆ ಆಯಿಯ (ಅಮ್ಮನ) ಕಾಲ್ಗುಣ. ಅವರ ಕಣ್ಣಿಗೆ ನನ್ನ ತಮ್ಮ ರಾಜಕುಮಾರ, ನಾನು ಏನು ಮಾಡಿದರೂ ದಡ್ಡಿ. ‘ನಂದು ತಪ್ಪಾಯ್ತು’ ಅಂತ ಅವರು ಯಾರಿಗೂ ಹೇಳಿದ್ದನ್ನು ನಾವು ಕೇಳಿಲ್ಲ.

ಇಂಥ ಸ್ವಭಾವ ತೀರಾ ಮಿತಿಮೀರಿದರೆ ನಾರ್ಸಿಸಿಸ್ಟಿಕ್ ಪರ್ಸನಾಲಿಟಿ ಡಿಸಾರ್ಡರ್ ಅಂತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಅದು 1980ರಿಂದ ಇದೆ. ಒಂಬತ್ತು ಲಕ್ಷಣಗಳಲ್ಲಿ ಐದಾದರೂ ಇರಬೇಕು, ಅದನ್ನೂ ಡಾಕ್ಟರೇ ನೋಡಿ ಹೇಳಬೇಕು. ಅಪ್ಪಯ್ಯ ಅಂಥ ಡಾಕ್ಟರ ಹತ್ತಿರ ಹೋದವರೇ ಅಲ್ಲ, ಹಾಗಾಗಿ ನಾನು ಆ ಹೆಸರು ಅಂಟಿಸೋದಿಲ್ಲ. (ಈಗ ಮೊಬೈಲ್ ನೋಡಿ ನೋಡಿ, ಜಗಳ ಆಡಿದ ಗಂಡನೆಲ್ಲ ನಾರ್ಸಿಸಿಸ್ಟೇ. ಅದು ಬೇರೆ ತಲೆನೋವು.)

ಇಂಥವರು ಹೋದರೆ ಮನೆಯವರಿಗೆ ನಿರಾಳ ಆಗುತ್ತೆ ಅಲ್ವಾ ಅಂತ ಕೇಳಬಹುದು. ಆಗುತ್ತೆ, ಸುಳ್ಳು ಯಾಕೆ ಹೇಳಲಿ? ಹಿಂದೆಯೇ ಹಾಗನಿಸಿದ್ದಕ್ಕೆ ನಾಚಿಕೆಯೂ ಬರುತ್ತೆ, ಆಮೇಲೆ ಸಿಟ್ಟು. ಯಾವತ್ತಾದರೂ ಒಂದು ದಿನ ‘ಚೆನ್ನಾಗಿ ಮಾಡಿದೆ ಕೂಸೇ’ ಅಂತಾರೇನೋ ಅಂತ ಈ ವಯಸ್ಸಲ್ಲೂ ಒಳಗೊಳಗೇ ಕಾಯ್ತಾ ಇದ್ದೆ ಅನ್ನೋದು ನನಗೆ ತಿಳಿದದ್ದೇ ಅವರು ಹೋದ ಮೇಲೆ. ಇನ್ನು ಆ ಮಾತು ಬರೋದಿಲ್ಲ. ನಾನು ಅತ್ತದ್ದು ಜಾಸ್ತಿ ಅದಕ್ಕೇ.

ತಮ್ಮನ ದುಃಖವೇ ಬೇರೆ. ಅವನನ್ನು ಮುದ್ದು ಮಾಡಿದ ಅಪ್ಪ ಹೋದರು. ನಿನ್ನದು ಸುಳ್ಳು, ನನ್ನದು ನಿಜ ಅಂತ ವಾದಕ್ಕಿಳಿದರೆ ಅದು ತೋಟ ಪಾಲಾಗುವ ತನಕ ನಿಲ್ಲೋದಿಲ್ಲ ಅಂತ ಇಬ್ಬರಿಗೂ ಗೊತ್ತು, ಅದಕ್ಕೆ ಅವನು ಹೇಳಿದ್ದನ್ನು ನಾನು ಕೇಳ್ತೇನೆ, ನಾನು ಹೇಳಿದ್ದನ್ನು ಅವನು. ತೀರ್ಪು ಇಲ್ಲ. ಆಯಿ ಸಾರಿಗೆ ಉಪ್ಪು ಹಾಕುವಾಗ ಈಗಲೂ ಜಗುಲಿ ಕಡೆ ತಿರುಗಿ ನೋಡುತ್ತಾಳೆ.

ಮಾತಾಡಿಸಲು ಬಂದವರದ್ದೆಲ್ಲ ಒಂದೇ ರಾಗ. ‘ದೇವರಂಥ ಮನುಷ್ಯ, ನೀವು ಪುಣ್ಯ ಮಾಡಿದ್ರಿ.’ ವೈಕುಂಠ ಸಮಾರಾಧನೆಯ ಊಟದ ತನಕ ತಲೆ ಆಡಿಸಿ ಆಡಿಸಿ ಸುಸ್ತಾದೆವು. ಬಾಯಿಬಿಟ್ಟು ಹೇಳಿಕೊಳ್ಳಲಾಗದ, ಜನ ಒಪ್ಪದ ದುಃಖ ಅಂತ ಒಂದಿದೆ, ಅದು ಹೆಚ್ಚು ಕಾಡುತ್ತೆ ಅಂತ ಸಾವಿನ ದುಃಖದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಕೆನೆತ್ ಡೋಕಾ 1989ರಷ್ಟು ಹಿಂದೆಯೇ ಬರೆದಿದ್ದಾರೆ. ನಮ್ಮ ತೋಟದ ಕೆಲಸಕ್ಕೆ ಬರುವ ಹೆಂಗಸೊಬ್ಬರು ಅದನ್ನೆಲ್ಲ ಓದಿದವರಲ್ಲ. ಅವರು ಆಯಿಯ ಪಕ್ಕ ಕೂತು, ‘ನೀವು ಪಟ್ಟ ಕಷ್ಟ ನಂಗೊತ್ತದೆ ಅಮ್ಮಾ’ ಅಂದರು. ಆಯಿ ಅತ್ತದ್ದು ಆವಾಗಲೇ.

ಸಾವಿನ ಮನೆಗೆ ಹೋಗುವವರಲ್ಲಿ ನನ್ನ ಕೋರಿಕೆ ಇಷ್ಟೇ. ಹೊಗಳಲೇಬೇಕು ಅಂತಿಲ್ಲ, ಸುಮ್ನೆ ಕೂತು ಬಂದರೂ ಆದೀತು. ‘ಸತ್ತವರ ಮೇಲೆ ಎಂಥ ಸಿಟ್ಟು, ಕ್ಷಮಿಸಿಬಿಡು’ ಅಂತ ಮಕ್ಕಳಿಗೆ ಗಡುವು ಹಾಕಬೇಡಿ. ಕ್ಷಮಿಸೋದು ಬಿಡೋದು ಅವರಿಗೆ ಬಿಟ್ಟದ್ದು, ವರ್ಷಾಂತದ ಒಳಗೇ ಆಗಬೇಕು ಅಂತೇನೂ ಇಲ್ಲ. ಇನ್ನು, ಘಟ್ಟದ ಮೇಲಿನ ಹಳ್ಳಿಗಳಿಂದ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿ ಬರೋದು ಎಲ್ಲರಿಗೂ ಆಗೋದಿಲ್ಲ. ಮನಸ್ಸಿನ ಕಷ್ಟ ಹೇಳಿಕೊಳ್ಳೋಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 2022ರ ಅಕ್ಟೋಬರ್‌ನಿಂದ ಇದೆ. 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಈ ನಂಬರನ್ನು ಶ್ರದ್ಧಾಂಜಲಿ ಪುಟದ ಮೂಲೆಯಲ್ಲೇ ದಿನಾ ಹಾಕಲು ಆಗುತ್ತಾ ನೋಡಿ.

ನನ್ನ ಹೆಸರು, ಹಳ್ಳಿಯ ಹೆಸರು ಎರಡೂ ಬೇಡ. ನನ್ನ ತಮ್ಮ ತರಿಸೋದು ನಿಮ್ಮ ಪತ್ರಿಕೆಯನ್ನೇ.

– ಓದುಗರೊಬ್ಬರು, ಶಿರಸಿ ತಾಲೂಕು