ಜೂನ್ 1ರಿಂದ ನಮ್ಮ ಈಜುಕೊಳದಲ್ಲಿ ಏನೇನು ಬದಲಾಗುತ್ತದೆ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಜೂನ್ 1ರಿಂದ ಮಕ್ಕಳ ಬ್ಯಾಚ್‌ಗಳ ತಿಂಗಳ ಶುಲ್ಕ 150 ರೂಪಾಯಿ ಏರುತ್ತದೆ. ರಾತ್ರಿ 8ರ ನಂತರದ ಪರ್ಸನಲ್ ಕೋಚಿಂಗ್ ನಿಲ್ಲುತ್ತದೆ. ಸಂಜೆ ಮಕ್ಕಳ ಬ್ಯಾಚ್ ಮುಗಿದು ದೊಡ್ಡವರ ಬ್ಯಾಚ್ ಶುರುವಾಗುವ ನಡುವೆ 20 ನಿಮಿಷ ಕೊಳ ಖಾಲಿ ಇರುತ್ತದೆ. ಕೌಂಟರಿನಲ್ಲಿ ಈಗಾಗಲೇ ಕೆಲವರು "ಯಾಕೆ ಸಾರ್, ಏನಾದರೂ ಆಯ್ತಾ?" ಎಂದು ಕೇಳಿದ್ದಾರೆ. ಯಾವ ದೂರೂ ಬಂದಿಲ್ಲ. ಬರುವ ತನಕ ಕಾಯುವುದು ಬೇಡ ಅನ್ನಿಸಿತು, ಅಷ್ಟೇ.

ಬದಲಾವಣೆಗಳೆಲ್ಲ ಒಂದೇ ಮಾತಿನಿಂದ ಹುಟ್ಟಿದವು. ದೊಡ್ಡವರೊಬ್ಬರು ಒಂದು ಮಗುವಿನ ಜೊತೆ ಬೇರೆ ಯಾರ ಕಣ್ಣಿಗೂ ಬೀಳದೆ ಇರುವ ಹೊತ್ತು ಕೊಳದಲ್ಲಾಗಲಿ, ಪ್ರಯಾಣದಲ್ಲಾಗಲಿ, ಫೋನಿನಲ್ಲಾಗಲಿ ಇರಬಾರದು. ಕೋಚ್ ಎಷ್ಟೇ ಒಳ್ಳೆಯವರಾಗಿರಲಿ, ಎಷ್ಟೇ ಹಳಬರಾಗಿರಲಿ, ಇದು ಅವರಿಗೂ ಅನ್ವಯ. ನಿಜ ಹೇಳಬೇಕೆಂದರೆ ನಮ್ಮ ಕೋಚ್‌ಗಳೇ ಇದನ್ನು ಮೊದಲು ಒಪ್ಪಿದವರು. ನಾಳೆ ಯಾರಾದರೂ ಬೆರಳು ತೋರಿಸಿದರೆ, ಆ ಹೊತ್ತಿನಲ್ಲಿ ಎದುರಿಗೆ ಯಾರಿದ್ದರು ಎಂದು ಹೇಳಲು ಅವರಿಗೂ ಬರುತ್ತದೆ.

ಮೊದಲು ಶುಲ್ಕದ ವಿಷಯ. ಈವರೆಗೆ ಒಂದು ಬ್ಯಾಚಿಗೆ ಒಬ್ಬ ಕೋಚ್, ಒಬ್ಬ ಲೈಫ್‌ಗಾರ್ಡ್ ಇದ್ದರು. ಲೆಕ್ಕಕ್ಕೆ ಇಬ್ಬರು ದೊಡ್ಡವರು. ಆದರೆ ಲೈಫ್‌ಗಾರ್ಡ್ ಕಣ್ಣು ಸುಮಾರು 10 ಸೆಕೆಂಡಿಗೊಮ್ಮೆ ಕೊಳದ ತಳವೂ ಸೇರಿ ತನ್ನ ಪಾಲಿನ ನೀರನ್ನೆಲ್ಲ ಸುತ್ತಿ ಬರಬೇಕು. ಮಗು ಮುಳುಗುವಾಗ ಕೂಗುವುದಿಲ್ಲ, ಸದ್ದಿಲ್ಲದೆ ಕೆಳಗೆ ಹೋಗುತ್ತದೆ. ಅಂಥ ಕೆಲಸದಲ್ಲಿರುವವರನ್ನು "ಆ ಕಡೆ ಕಾರಿಡಾರಿನಲ್ಲಿ ಯಾರಿದ್ದಾರೆ ನೋಡಿ" ಎಂದು ಕಳಿಸಿದರೆ ಎರಡೂ ಕಾವಲು ಕೆಡುತ್ತದೆ. ಅದಕ್ಕೇ ಪ್ರತಿ ಮಕ್ಕಳ ಬ್ಯಾಚಿಗೂ ಮೂರನೆಯ ಒಬ್ಬರು, ಹೆಣ್ಣುಮಕ್ಕಳಿರುವ ಬ್ಯಾಚಿಗೆ ಮಹಿಳೆಯೇ, ಮೇಲ್ವಿಚಾರಕರಾಗಿ ಇರುತ್ತಾರೆ. 150 ರೂಪಾಯಿ ಹೋಗುವುದು ಅವರ ಸಂಬಳಕ್ಕೆ.

ಸ್ಪರ್ಧೆಗೆ ತಯಾರಾಗುತ್ತಿರುವ ಮಕ್ಕಳಿಗೆ ಪರ್ಸನಲ್ ಕೋಚಿಂಗ್ ಬೆಳಿಗ್ಗೆ 6ರಿಂದ 7ರವರೆಗೆ, ಪಕ್ಕದ ಲೇನ್‌ಗಳಲ್ಲಿ ಬ್ಯಾಚ್ ನಡೆಯುತ್ತಿರುವಾಗಲೇ, ಆರನೇ ಲೇನಿನಲ್ಲಿ ಸಿಗುತ್ತದೆ. ರಾತ್ರಿ ಹೊತ್ತು ಬೇಕೆಂದವರಿಗೆ ಅನನುಕೂಲ ಆಗುತ್ತದೆ, ಗೊತ್ತು. ಆ ಸಮಯ ಮರಳಿ ಬರುವುದಿಲ್ಲ.

ಬಟ್ಟೆ ಬದಲಿಸುವ ಕೋಣೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಆ 20 ನಿಮಿಷ ಇರುವುದು ಇದಕ್ಕೇ: ಮಕ್ಕಳು ಬಟ್ಟೆ ಬದಲಿಸುವಾಗ ಅದೇ ಕೋಣೆಯಲ್ಲಿ ದೊಡ್ಡ ಸದಸ್ಯರು ಇರಬಾರದು. ಸಿಬ್ಬಂದಿ ಒಳಗೆ ಹೋಗುವುದಿಲ್ಲ. ಯಾರಾದರೂ ಜಾರಿ ಬಿದ್ದರೆ ಇಬ್ಬರು ಸೇರಿ, ಬಾಗಿಲು ತಟ್ಟಿ, ಕೂಗಿ ಹೇಳಿಯೇ ಹೋಗಬೇಕು. ಏಳು ವರ್ಷದೊಳಗಿನ ಮಕ್ಕಳಿಗೆ ಬಟ್ಟೆ ಹಾಕಿಸಬೇಕಿದ್ದರೆ ಮನೆಯವರೇ ಬನ್ನಿ. ಮಗಳನ್ನು ಕರೆತರುವ ಅಪ್ಪಂದಿರಿಗೆ ಕೌಂಟರ್ ಪಕ್ಕದಲ್ಲಿ ಒಂದು ಪ್ರತ್ಯೇಕ ಕ್ಯಾಬಿನ್ ಮಾಡಿಸಿದ್ದೇವೆ, ಕೀಲಿ ಕೌಂಟರಿನಲ್ಲಿದೆ. ಇಂಥ ಕೋಣೆಗಳಲ್ಲಿ ತೊಂದರೆ ದೊಡ್ಡವರಿಂದ ಮಾತ್ರ ಬರುತ್ತದೆ ಎಂದುಕೊಳ್ಳಬೇಡಿ. ಟವೆಲ್ ಎಳೆಯುವುದು, ಚಡ್ಡಿ ಬಚ್ಚಿಡುವುದು, ಮೈ ನೋಡಿ ಅಡ್ಡಹೆಸರು ಇಡುವುದು, ಎಲ್ಲ ಸ್ವಲ್ಪ ದೊಡ್ಡ ಮಕ್ಕಳ ಕೆಲಸ. ಆದ್ದರಿಂದ 12 ವರ್ಷದೊಳಗಿನವರನ್ನು 10 ನಿಮಿಷ ಮೊದಲೇ ನೀರಿನಿಂದ ಮೇಲೆ ಕಳಿಸುತ್ತೇವೆ. ಮೇಲ್ವಿಚಾರಕರು ಕೋಣೆಯ ಹೊರಗೆ, ಮಾತು ಕೇಳುವಷ್ಟು ಹತ್ತಿರ ನಿಂತಿರುತ್ತಾರೆ.

ಫೋನ್ ಆ ಕೋಣೆಯ ಬಾಗಿಲು ದಾಟುವಂತಿಲ್ಲ. ಮಕ್ಕಳದ್ದೂ ಅಷ್ಟೇ, ಸಿಬ್ಬಂದಿಯದ್ದೂ ಅಷ್ಟೇ. ಕೌಂಟರಿನಲ್ಲಿ ನಂಬರ್ ಹಾಕಿದ ಗೂಡುಗಳಿವೆ, ಅಲ್ಲಿಟ್ಟು ಟೋಕನ್ ತೆಗೆದುಕೊಳ್ಳಿ. ಗ್ಯಾಲರಿಯಿಂದ ನಿಮ್ಮ ಮಗುವಿನ ವಿಡಿಯೊ ತೆಗೆಯಬಹುದು. ಪಕ್ಕದ ಲೇನಿನ ಮಕ್ಕಳು ಈಜುಡುಗೆಯಲ್ಲಿ ಕಾಣುವ ಚಿತ್ರವನ್ನು ಸ್ಟೇಟಸ್‌ಗೆ ಹಾಕಬೇಡಿ. ಶಾಲೆಯ ಬ್ಯಾಗು, ಕೊಳದ ಬೋರ್ಡು, ಹಾಕಿದ ಸಮಯ, ಇವು ಮೂರೂ ಒಂದೇ ಚಿತ್ರದಲ್ಲಿದ್ದರೆ ಆ ಮಗು ಯಾವ ದಿನ ಎಷ್ಟು ಹೊತ್ತಿಗೆ ಎಲ್ಲಿರುತ್ತದೆ ಎಂದು ಗುರುತಿಲ್ಲದವರಿಗೂ ಗೊತ್ತಾಗುತ್ತದೆ. ನಾವು ಹಾಕುವ ಚಿತ್ರಗಳಲ್ಲಿ ಮಕ್ಕಳು ಟ್ರ್ಯಾಕ್‌ಸೂಟಿನಲ್ಲಿರುತ್ತಾರೆ, ಪೂರ್ತಿ ಹೆಸರು ಇರುವುದಿಲ್ಲ.

ಈಜು ಕಲಿಸುವಾಗ ಕೈ ತಾಗದೆ ಇರುವುದಿಲ್ಲ. ಆದರೆ ಎಲ್ಲಿ, ಯಾಕೆ ಎಂಬುದು ಎಲ್ಲರಿಗೂ ಗೊತ್ತಿರಬೇಕು. ಅಂಗಾತ ತೇಲಿಸುವಾಗ ಒಂದು ಅಂಗೈ ತಲೆಯ ಹಿಂಭಾಗಕ್ಕೆ, ಇನ್ನೊಂದು ಭುಜದ ಮೂಳೆಗಳ ನಡುವೆ. ಸೊಂಟ ಕೆಳಗೆ ಇಳಿಯುತ್ತಿದ್ದರೆ ಕೈ ಕೊಡುವ ಬದಲು ಫೋಮ್ ಕೊಳವೆಯನ್ನೋ ಪುಲ್‌ಬಾಯ್ (ತೊಡೆಗಳ ನಡುವೆ ಹಿಡಿದುಕೊಳ್ಳುವ ತೇಲು) ಅನ್ನೋ ಕೊಡುತ್ತಾರೆ. ಕಾಲು ಬಡಿಯುವುದನ್ನು ತಿದ್ದಲು ಕಿಕ್‌ಬೋರ್ಡ್ (ಕೈಯಲ್ಲಿ ಹಿಡಿಯುವ ತೇಲುಹಲಗೆ) ಕೊಟ್ಟು, ದಡದ ಮೇಲೆ ತಾವೇ ಮಾಡಿ ತೋರಿಸುತ್ತಾರೆ. ಮುಟ್ಟುವ ಮೊದಲು "ಭುಜ ಹಿಡಿಯುತ್ತೇನೆ" ಎಂದು ಹೇಳುತ್ತಾರೆ, ಮಗು ಬೇಡವೆಂದರೆ ಬಿಡುತ್ತಾರೆ. ಮುಳುಗುವ ಮಗುವನ್ನು ಎತ್ತುವಾಗ ಮಾತ್ರ ಇದ್ಯಾವುದೂ ಇಲ್ಲ, ಸಿಕ್ಕಿದಲ್ಲಿ ಹಿಡಿದು ಎಳೆಯುವುದೇ.

ಮಸಾಜನ್ನು ಯಾವ ಕೋಚೂ ಮಾಡುವಂತಿಲ್ಲ. ಸ್ನಾಯು ಹಿಡಿದರೆ ಐಸ್ ಕೊಟ್ಟು ನಿಮಗೆ ಫೋನ್ ಮಾಡುತ್ತೇವೆ; ಫಿಸಿಯೋ ಯಾರೆಂಬುದು ನಿಮ್ಮ ಆಯ್ಕೆ. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯ ಲ್ಯಾರಿ ನಾಸರ್ ವರ್ಷಗಟ್ಟಲೆ ದೌರ್ಜನ್ಯ ನಡೆಸಿದ್ದು ಚಿಕಿತ್ಸೆಯ ಹೆಸರಿನಲ್ಲಿ, ಕೆಲವು ಸಲ ತಾಯಿ ತಂದೆ ಅದೇ ಕೋಣೆಯಲ್ಲಿ ಕೂತಿರುವಾಗಲೇ, ಅವರ ನೋಟಕ್ಕೆ ಬೆನ್ನು ಅಡ್ಡ ಮಾಡಿ. 2018ರ ಜನವರಿಯಲ್ಲಿ ಶಿಕ್ಷೆಯ ವಿಚಾರಣೆಯಲ್ಲಿ 150ಕ್ಕೂ ಹೆಚ್ಚು ಮಂದಿಯ ಹೇಳಿಕೆ ಕೇಳಿಬಂತು. ಹಾಗಾಗಿ ಚಿಕಿತ್ಸೆ ನಡೆಯುವಾಗ ಕೋಣೆಯಲ್ಲಿದ್ದರೆ ಸಾಲದು, ಕೈ ಎಲ್ಲಿದೆ ಎಂದು ಕಾಣುವ ಕಡೆ ಕೂರಿ.

ಶಿಕ್ಷೆಯಾಗಿ ತಲೆ ಮುಳುಗಿಸುವುದು, ಹೆಚ್ಚುವರಿ ಲ್ಯಾಪ್ ಕೊಡುವುದು, ಎಲ್ಲರೆದುರು ತೂಕ ನೋಡುವುದು ನಿಲ್ಲುತ್ತವೆ. ಉಸಿರು ಕಟ್ಟಿ ನೀರಿನಡಿ ಎಷ್ಟು ದೂರ ಹೋಗುತ್ತೀ ಎಂಬ ಪಂದ್ಯವೂ ಇಲ್ಲ. ಮೊದಲೇ ಜೋರಾಗಿ ಉಸಿರಾಡಿ ಇಳಿದರೆ ರಕ್ತದ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಉಸಿರೆಳೆಯಬೇಕೆಂಬ ತವಕ ಹುಟ್ಟುವುದು ತಡವಾಗುತ್ತದೆ. ಅಷ್ಟರಲ್ಲಿ ಆಮ್ಲಜನಕ ಕಡಿಮೆಯಾಗಿ ಪ್ರಜ್ಞೆ ತಪ್ಪಬಹುದು. ಹುಡುಗಿಯರು "ಇವತ್ತು ನೀರಿಗಿಳಿಯಲ್ಲ" ಎಂದರೆ ಸಾಕು, ಯಾಕೆಂದು ಯಾರೂ ಕೇಳುವುದಿಲ್ಲ.

ಕೋಚ್ ಮತ್ತು 18ರೊಳಗಿನ ಮಕ್ಕಳ ನಡುವೆ ಖಾಸಗಿ ಮೆಸೇಜ್ ಇರುವುದಿಲ್ಲ. ಸಮಯ ಬದಲಾವಣೆ, ಸ್ಪರ್ಧೆಯ ಸುದ್ದಿ ಎಲ್ಲ ಪೋಷಕರ ಗುಂಪಿನಲ್ಲೇ. ಮಗುವೇ ಮೊದಲು ಮೆಸೇಜ್ ಮಾಡಿದರೆ ಕೋಚ್ ಅದನ್ನು ನಿಮಗೆ ಕಳಿಸಿ, ಉತ್ತರವನ್ನು ಗುಂಪಿನಲ್ಲಿ ಕೊಡುತ್ತಾರೆ. ಇದಕ್ಕೊಂದು ಅಪವಾದ ಇದೆ, ಮುಚ್ಚಿಡದೆ ಹೇಳುತ್ತೇವೆ: ಮಗು ಬರೆದಿರುವುದು ಮನೆಯಲ್ಲಿ ಆಗುತ್ತಿರುವ ಹಿಂಸೆಯ ಬಗ್ಗೆ ಆಗಿದ್ದರೆ ಅದು ಮನೆಗೆ ಹೋಗುವುದಿಲ್ಲ, ನಮ್ಮ ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ಹೋಗುತ್ತದೆ.

ಬೆಂಗಳೂರಿನ ಬಸವನಗುಡಿ ಕೊಳದಂಥ ಕಡೆ ಸ್ಪರ್ಧೆಗೆ ಹೋಗುವಾಗ ಎಂಟು ಮಕ್ಕಳಿಗೆ ಒಬ್ಬರಂತೆ, ಯಾವಾಗಲೂ ಕನಿಷ್ಠ ಇಬ್ಬರು ದೊಡ್ಡವರು ಹೋಗುತ್ತಾರೆ. ಹುಡುಗಿಯರಿದ್ದರೆ ಒಬ್ಬ ಮಹಿಳೆ ಇರಲೇಬೇಕು. ಮಲಗುವ ಕೋಣೆ ಕೋಚ್‌ಗಳಿಗೇ ಬೇರೆ, ಮಕ್ಕಳಲ್ಲೂ ಹುಡುಗ ಹುಡುಗಿಯರಿಗೆ ಬೇರೆ, ಹತ್ತು ವರ್ಷದವರನ್ನು ಹದಿನಾರರವರ ಜೊತೆ ಹಾಕುವುದಿಲ್ಲ. ಸಂಜೆ ನೀವು ಬರುವುದು ತಡವಾದರೆ ಕೋಚ್ ಮತ್ತು ಮೇಲ್ವಿಚಾರಕರು ಇಬ್ಬರೂ ಮಗುವಿನ ಜೊತೆ ಗೇಟಿನ ದೀಪದ ಕೆಳಗೆ ಕಾಯುತ್ತಾರೆ. ಬೈಕಿನಲ್ಲಿ ಬಿಟ್ಟುಬರುವ ಉಪಕಾರ ಇನ್ನಿಲ್ಲ.

ಹೊಸಬರು, ಹಳಬರು, ಸ್ವಚ್ಛತೆಯವರು, ಪಂಪ್ ನೋಡುವವರು, ಎಲ್ಲರ ಪೊಲೀಸ್ ಪರಿಶೀಲನೆ ಆಗುತ್ತದೆ. 2020ರ ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ಕಾಪಾಡುವ ಕಾನೂನು) ನಿಯಮಗಳು ಕ್ರೀಡಾ ಅಕಾಡೆಮಿಗಳನ್ನು ಹೆಸರಿಸಿಯೇ ಇದನ್ನು ಕಡ್ಡಾಯ ಮಾಡಿವೆ, ಆಗಾಗ ಮರುಪರಿಶೀಲನೆ ಮತ್ತು ತರಬೇತಿ ಸಹಿತ. ಆದರೆ ಆ ಪ್ರಮಾಣಪತ್ರ ಹೇಳುವುದು ದಾಖಲಾದ ಪ್ರಕರಣ ಇಲ್ಲ ಎಂದಷ್ಟೇ. ಸಿಕ್ಕಿಬೀಳದವರ ಪ್ರಮಾಣಪತ್ರವೂ ಸ್ವಚ್ಛವಾಗಿಯೇ ಇರುತ್ತದೆ. ಅದಕ್ಕೇ ಹಿಂದೆ ಕೆಲಸ ಮಾಡಿದ ಎರಡು ಕಡೆಗೆ ನಾವೇ ಫೋನ್ ಮಾಡಿ, ಯಾಕೆ ಬಿಟ್ಟರು ಎಂದು ಕೇಳುತ್ತೇವೆ.

ಮಗು ನಿಮ್ಮ ಹತ್ತಿರ ಏನಾದರೂ ಹೇಳಿಕೊಂಡರೆ: ಪೂರ್ತಿ ಕೇಳಿ. "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ. ಮತ್ತೆ ಮತ್ತೆ ಕೆದಕಿ ಕೇಳಬೇಡಿ. ನಾಲ್ಕು ಮಂದಿ ನಾಲ್ಕು ಸಲ ಕೇಳಿದರೆ ಮಗುವಿನ ಮಾತು ಬದಲಾದಂತೆ ಕಾಣುತ್ತದೆ, ಆಮೇಲೆ ಅದನ್ನೇ ಹಿಡಿದು ಸುಳ್ಳು ಎನ್ನುತ್ತಾರೆ. ಮಗು ಆಡಿದ ಪದಗಳನ್ನೇ, ದಿನಾಂಕ ಮತ್ತು ಸಮಯ ಹಾಕಿ ಅಂದೇ ಬರೆದಿಡಿ. ಆರೋಪ ಇರುವವರನ್ನು ನೀವೇ ಹೋಗಿ ಕೇಳಬೇಡಿ, ಕೇಳಿದರೆ ಅವರ ಫೋನಿನಲ್ಲಿರುವುದೆಲ್ಲ ಅಳಿಸಿಹೋಗಬಹುದು.

ನಾವೂ ಒಳಗೊಳಗೇ ವಿಚಾರಣೆ ಮಾಡುವುದಿಲ್ಲ, ರಾಜಿ ಮಾಡಿಸುವುದಿಲ್ಲ. ಹುಡುಗನಾಗಲಿ ಹುಡುಗಿಯಾಗಲಿ, 18ರೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು ಯಾರೇ ಆಗಲಿ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಹೇಳುತ್ತದೆ. ತಿಳಿಸದಿದ್ದರೆ 21ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು, ತನ್ನ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ಠಾಣೆ ಎಂದರೆ ಹಿಂಜರಿಯುವ ಮನೆಗಳಿಗೆ ಇದು ತಿಳಿದಿರಲಿ: ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಅಥವಾ ಮಗು ಬಯಸಿದ ಜಾಗದಲ್ಲಿ, ಆದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಬರೆದುಕೊಳ್ಳಬೇಕು. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಕ್ರಮವಿಲ್ಲ. ಮಕ್ಕಳ ಸಹಾಯವಾಣಿ 1098, ದಿನದ 24 ಗಂಟೆಯೂ ಉಚಿತ. ತುರ್ತಿಗೆ 112. ಎರಡೂ ನಂಬರುಗಳನ್ನು ಬಟ್ಟೆ ಬದಲಿಸುವ ಕೋಣೆಯ ಬಾಗಿಲಿನ ಒಳಬದಿಗೆ, ಮಕ್ಕಳ ಕಣ್ಣಿನ ಎತ್ತರಕ್ಕೆ ಅಂಟಿಸಿದ್ದೇವೆ.

ಈ ಪತ್ರದ ಜೊತೆಗಿರುವ ಫಾರ್ಮಿನಲ್ಲಿ ಮೂರು ಸಂಗತಿ ತುಂಬಿಕೊಡಿ: ಮಗುವನ್ನು ಕರೆದೊಯ್ಯಬಹುದಾದ ಇಬ್ಬರ ಹೆಸರು ಮತ್ತು ನಂಬರ್ (ಆಟೋ, ವ್ಯಾನಿನವರದ್ದೂ ಸೇರಿ), ಚಿತ್ರ ತೆಗೆಯಲು ಒಪ್ಪಿಗೆ ಇದೆಯೋ ಇಲ್ಲವೋ, ಮಗುವಿನ ಆರೋಗ್ಯದ ಬಗ್ಗೆ ಕೋಚ್‌ಗೆ ತಿಳಿದಿರಬೇಕಾದದ್ದು. ಮೇ 25ರೊಳಗೆ ಕೌಂಟರಿಗೆ ತಲುಪಿಸಿ. ಒಂದೇ ಮನೆಯ ಇಬ್ಬರು ಮಕ್ಕಳಿದ್ದರೆ ಎರಡನೆಯವರಿಗೆ 150 ರೂಪಾಯಿ ಇಲ್ಲ. ಏರಿದ ಶುಲ್ಕ ಕಷ್ಟವಾಗುವವರು ಕಚೇರಿಗೆ ಬಂದು ಹೇಳಿ, ಹಳೆಯ ದರದಲ್ಲೇ ಮುಂದುವರಿಸುತ್ತೇವೆ.

ಇತಿ,
ಆಡಳಿತ ಸಮಿತಿ, ಮಕ್ಕಳ ಈಜು ವಿಭಾಗ