ಮಗಳಿಗೊಂದು ಪತ್ರ: ನಡುವೆ ಕೂತವನಿಗೆ ಎಲ್ಲ ಕಾಣುತ್ತದೆ

ಹಾಸನ

ಪುಟ್ಟಿ,

ಮೊನ್ನೆ ಫೋನಿನಲ್ಲಿ "ಫ್ರೀ ಪ್ರಾಕ್ಸಿ ಹಾಕಿಕೊಂಡರೆ ಸಾಕಲ್ವಾ" ಅಂತ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಪಹಣಿ ತೆಗೆಸಲು ಬಂದವರು ಅಂಗಡಿ ಬಾಗಿಲವರೆಗೂ ನಿಂತಿದ್ದರು. ವಾಟ್ಸಾಪಿನಲ್ಲಿ ಉದ್ದುದ್ದ ಕಳಿಸಿದರೆ ನೀನು ಓದುವವಳಲ್ಲ. ಅದಕ್ಕೇ ಈ ಕಾಗದ.

ರೂಮ್‌ಮೇಟ್ ಹೇಳಿದಳು ಅಂತ ಬ್ರೌಸರಿಗೆ ಒಂದು ಫ್ರೀ ಪ್ರಾಕ್ಸಿ ಎಕ್ಸ್‌ಟೆನ್ಶನ್ ಹಾಕಿಕೊಂಡಿದ್ದೀಯ. ಅಂದರೆ ನೀನು ಕೇಳಿದ ಪುಟವನ್ನು ನಡುವೆ ನಿಂತ ಇನ್ನೊಂದು ಕಂಪ್ಯೂಟರಿನ ಮೂಲಕ ತರಿಸುವ ಚಿಕ್ಕ ಪ್ರೋಗ್ರಾಮು. ಹಾಸ್ಟೆಲ್ ವೈಫೈಯವರಿಗೆ ಇನ್ನು ಏನೂ ಕಾಣುವುದಿಲ್ಲ ಅಂದೆ. ಸರಿ, ಅವರಿಗೆ ಕಾಣುವುದಿಲ್ಲ. ಆ ಪ್ರಾಕ್ಸಿ ನಡೆಸುವವನಿಗೆ?

ನಾನು ಆ ಜಾಗದಲ್ಲಿ ಕೂತವನು, ಅದಕ್ಕೆ ಕೇಳುತ್ತಿದ್ದೇನೆ. ನೀನು ಚಿಕ್ಕವಳಿದ್ದಾಗ ಬಿ.ಎಂ. ರಸ್ತೆಯ ನಮ್ಮ ಅಂಗಡಿ ಬ್ರೌಸಿಂಗ್ ಸೆಂಟರ್ ಆಗಿತ್ತು. ಇರುವ ಒಂದೇ ಬ್ರಾಡ್‌ಬ್ಯಾಂಡನ್ನು ಎಲ್ಲ ಮಷೀನುಗಳಿಗೂ ಹಂಚಬೇಕಿತ್ತು. ಅದಕ್ಕೆ ಸ್ಕ್ವಿಡ್ ಅನ್ನೋ ಪ್ರಾಕ್ಸಿ ಸಾಫ್ಟ್‌ವೇರ್ ಹಾಕಿದ್ದೆ. ಒಬ್ಬರು ತೆರೆದ ಪುಟವನ್ನು ಅದು ಉಳಿಸಿಟ್ಟುಕೊಂಡು, ಇನ್ನೊಬ್ಬರು ಅದೇ ಪುಟ ಕೇಳಿದರೆ ಅಲ್ಲಿಂದಲೇ ಕೊಡುತ್ತಿತ್ತು. ನೆಟ್ ಸ್ವಲ್ಪ ಚುರುಕಾಗುತ್ತಿತ್ತು. ಜೊತೆಗೇ ಒಂದು ಲಾಗ್ ಫೈಲ್ ಬೆಳೆಯುತ್ತಿತ್ತು. ಒಂದೊಂದು ಸಾಲಿನಲ್ಲೂ ಸಮಯ, ಯಾವ ಮಷೀನು, ಎಷ್ಟು ಬೈಟು, ಯಾವ ಪುಟ. ಆಗ ಹೆಚ್ಚಿನ ಸೈಟುಗಳು ಬರೀ ಎಚ್‌ಟಿಟಿಪಿ, ಅಂದರೆ ಬೀಗ ಇಲ್ಲದವು. ಹುಡುಕಿದ ಪದಗಳು ಕೂಡ ವಿಳಾಸದ ಬಾಲದಲ್ಲಿ ಬಿಡಿಸಿಟ್ಟ ಹಾಗೆ ಬರುತ್ತಿದ್ದವು.

ಒಂದು ಸಂಜೆ ಪರಿಚಯದ ಮೇಷ್ಟ್ರೊಬ್ಬರು ಮೂಲೆಯ ಮಷೀನಿನಲ್ಲಿ ಕೂತಿದ್ದರು. ಕರುಳಿನ ಕ್ಯಾನ್ಸರ್ ಬಗ್ಗೆ ಒಂದಾದ ಮೇಲೊಂದು ಪುಟ. ನಾನು ನೆಟ್ ಯಾಕೆ ನಿಧಾನ ಅಂತ ಲಾಗ್ ತೆರೆದಿದ್ದೆ, ಅಷ್ಟೂ ನನ್ನ ಕಣ್ಣೆದುರೇ ಇಳಿಯಿತು. ಆಮೇಲೆ ಅವರು ಬಂದು ದುಡ್ಡು ಕೊಟ್ಟು, "ಈ ಸಲ ಮಳೆ ಜಾಸ್ತಿ ಅಲ್ವಾ" ಅಂದು ಹೋದರು. ಮನೆಯಲ್ಲಿ ಹೇಳಿದ್ದರೋ ಇಲ್ಲವೋ. ನನಗಂತೂ ಗೊತ್ತಾಗಿತ್ತು. ನನಗೆ ಗೊತ್ತಾಗಿದೆ ಅಂತ ಅವರಿಗೆ ಗೊತ್ತಿರಲಿಲ್ಲ.

ಕದ್ದು ನೋಡಲು ಅಂತ ಯಾರೂ ಪ್ರಾಕ್ಸಿ ಹಾಕಬೇಕಾಗಿಲ್ಲ, ಅದರ ಕೆಲಸವೇ ಅಂಥದ್ದು. ಪಕ್ಕದ ಮನೆ ಹುಡುಗನ ಕೈಲಿ ಚೀಟಿ ಕೊಟ್ಟು ಅಂಗಡಿಗೆ ಕಳಿಸಿದರೆ ಸಾಮಾನು ಯಾರ ಮನೆಗೆ ಅಂತ ಅಂಗಡಿಯವನಿಗೆ ತಿಳಿಯುವುದಿಲ್ಲ, ಹುಡುಗ ಮಾತ್ರ ಚೀಟಿ ಓದಿರುತ್ತಾನೆ. 2011ರ ಸೈಬರ್ ಕೆಫೆ ನಿಯಮಗಳಂತೂ ಪ್ರಾಕ್ಸಿ ಲಾಗನ್ನು ಕನಿಷ್ಠ ಒಂದು ವರ್ಷ ಇಟ್ಟಿರಲೇಬೇಕು ಅಂದವು.

ಈಗ ಕಾಲ ಸುಧಾರಿಸಿದೆ. ಬಹುತೇಕ ಸೈಟುಗಳು ಎಚ್‌ಟಿಟಿಪಿಎಸ್, ಅಂದರೆ ಪುಟಕ್ಕೆ ಬೀಗ ಹಾಕಿ ಕಳಿಸುವಂಥವು, ಆದ ಮೇಲೆ ನನ್ನ ಲಾಗಿನಲ್ಲಿ ಕಾಣುತ್ತಿದ್ದದ್ದು 'ಕನೆಕ್ಟ್' ಅಂತ ಒಂದು ಪದ, ಸೈಟಿನ ಹೆಸರು, ಕೊನೆಗೆ 443 ಅನ್ನೋ ಪೋರ್ಟ್ ನಂಬರು. ಒಳಗೆ ಏನು ಓದಿದರು, ಏನು ಟೈಪ್ ಮಾಡಿದರು ಅಂತ ತಿಳಿಯುತ್ತಿರಲಿಲ್ಲ. ಆದರೆ ನೀನು ಹಾಕಿಕೊಂಡಿರುವುದು ಎಕ್ಸ್‌ಟೆನ್ಶನ್. ಅದು ಕೂತಿರುವುದು ಬ್ರೌಸರಿನ ಒಳಗೇ. ಹಾಕುವಾಗ 'ಎಲ್ಲ ವೆಬ್‌ಸೈಟುಗಳ ಡೇಟಾ ಓದಲು, ಬದಲಾಯಿಸಲು' ಅನುಮತಿ ಕೇಳಿತಾ? ಕೇಳಿದ್ದು, ನೀನು ಕೊಟ್ಟದ್ದು ಹೌದಾದರೆ, ಬೀಗ ತೆಗೆದ ಮೇಲಿನ ಪುಟವೇ ಅದಕ್ಕೆ ಸಿಗುತ್ತದೆ. ಎಚ್‌ಟಿಟಿಪಿಎಸ್ ಇದ್ದರೂ ಉಪಯೋಗ ಇಲ್ಲ. ಯಾವುದಾದರೂ ಆ್ಯಪ್ 'ನಮ್ಮ ಸರ್ಟಿಫಿಕೇಟ್ ಹಾಕಿಕೊಳ್ಳಿ' ಅಂದರೂ ಇದೇ ಕಥೆ, ಆ ಬೀಗದ ನಕಲಿ ಕೀ ಅವರ ಕೈಗೆ ಕೊಟ್ಟ ಹಾಗೆ.

ಫ್ರೀ ಅಂದೆಯಲ್ಲ, ಸರ್ವರಿನ ಬಾಡಿಗೆ ಯಾರು ಕಟ್ಟುತ್ತಾರೆ? ಹೋಲಾ ಅಂತ ಒಂದು ಫ್ರೀ ಎಕ್ಸ್‌ಟೆನ್ಶನ್ ಇತ್ತು. ಅದನ್ನು ಬಳಸುವವರ ಇಂಟರ್ನೆಟ್ ಕನೆಕ್ಷನ್ನನ್ನೇ ಬೇರೆಯವರಿಗೆ ಮಾರುತ್ತಿದ್ದದ್ದು 2015ರಲ್ಲಿ ದೊಡ್ಡ ಸುದ್ದಿಯಾಯಿತು. ಅಂದರೆ ಯಾರೋ ಮಾಡಿದ ಕೆಲಸಕ್ಕೆ ನಿನ್ನ ಐಪಿ ವಿಳಾಸ, ನೆಟ್ಟಿನಲ್ಲಿ ನಿನ್ನ ಕನೆಕ್ಷನ್ನಿನ ಗುರುತು. ಫೇಸ್‌ಬುಕ್ 2013ರಲ್ಲಿ ಒನಾವೋ ಅನ್ನೋ ಕಂಪನಿ ಕೊಂಡಿತು. ರಕ್ಷಣೆಗೆ ಅಂತ ಜನ ಅದರ ವಿಪಿಎನ್ ಆ್ಯಪ್ (ಫೋನಿನಿಂದ ಹೋಗುವುದನ್ನೆಲ್ಲ ಬೀಗ ಹಾಕಿ ತನ್ನ ಸರ್ವರಿನ ಮೂಲಕ ಕಳಿಸುವಂಥದ್ದು) ಹಾಕಿಕೊಂಡರೆ, ಯಾರು ಯಾವ ಆ್ಯಪ್ ಎಷ್ಟು ಬಳಸುತ್ತಾರೆ ಅನ್ನೋ ಲೆಕ್ಕ ಫೇಸ್‌ಬುಕ್ಕಿಗೆ ಹೋಗುತ್ತಿತ್ತು. 2018ರಲ್ಲಿ ಆ ಆ್ಯಪ್ ಆ್ಯಪಲ್‌ನ ಆ್ಯಪ್ ಸ್ಟೋರಿನಿಂದ ಹೊರಬಿತ್ತು. ಹೆಸರಿಗೆ ರಕ್ಷಣೆ!

ದುಡ್ಡು ಕೊಟ್ಟು ತೆಗೆದುಕೊಳ್ಳುವ ವಿಪಿಎನ್ ಇದಕ್ಕಿಂತ ವಾಸಿ. ಫೋನಿನ ಎಲ್ಲ ಆ್ಯಪ್‌ಗಳೂ ಅದರ ಮೂಲಕವೇ ಹೋಗುತ್ತವೆ. ಆದರೂ ಅಲ್ಲೂ ನಡುವೆ ಒಬ್ಬ ಇದ್ದಾನೆ. 2022ರಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್, ಗ್ರಾಹಕರ ಹೆಸರು, ವಿಳಾಸ ಎಲ್ಲ 5 ವರ್ಷ ಇಟ್ಟಿರಬೇಕು ಅಂತ ವಿಪಿಎನ್ ಕಂಪನಿಗಳಿಗೆ ಹೇಳಿತು. ಒಪ್ಪದ ಕೆಲವು ದೊಡ್ಡ ಕಂಪನಿಗಳು ಭಾರತದಲ್ಲಿದ್ದ ಸರ್ವರುಗಳನ್ನೇ ತೆಗೆದವು. ಟಾರ್ ಅನ್ನೋ ಜಾಲ ಮಾತ್ರ ಬೇರೆ ಥರ. ನೀನು ಕೇಳಿದ್ದು ಅದರಲ್ಲಿ ಮೂರು ಕಡೆ ಹಾದು ಹೋಗುತ್ತದೆ. ಮೊದಲನೆಯವನಿಗೆ ನೀನು ಯಾರು ಅಂತ ಗೊತ್ತು, ಎಲ್ಲಿಗೆ ಹೋಗುತ್ತೀಯ ಅಂತ ಗೊತ್ತಿಲ್ಲ. ಕೊನೆಯವನಿಗೆ ಅದರ ಉಲ್ಟಾ. ಆ ಬುದ್ಧಿ ನನಗೆ ತುಂಬ ಇಷ್ಟ. ನಿಧಾನ ಮಾತ್ರ ಹೇಳತೀರದು.

ಇನ್ನೊಂದು ವಿಷಯ. ಪ್ರಾಕ್ಸಿ ಹಾಕಿಕೊಂಡು ಜಿಮೇಲಿಗೆ ಲಾಗಿನ್ ಆದರೆ ಗೂಗಲ್‌ಗೆ ನೀನು ನೀನೇ. ಸೈಟುಗಳು ನಿನ್ನ ಗುರುತಿಗೆ ಬ್ರೌಸರಿನಲ್ಲಿ ಇಟ್ಟ ಕುಕೀಗಳೂ ಹಾಗೇ ಇರುತ್ತವೆ. ಇನ್‌ಕಾಗ್ನಿಟೋ ಅಂತೂ ನಿನ್ನ ಲ್ಯಾಪ್‌ಟಾಪಿನಲ್ಲಿ ಹಿಸ್ಟರಿ ಉಳಿಸುವುದಿಲ್ಲ, ಅಷ್ಟೇ. ಹಾಸ್ಟೆಲ್ ವೈಫೈಗೆ ಅದರಿಂದ ಏನೂ ಮರೆಯಾಗುವುದಿಲ್ಲ.

ನಿನ್ನ ಮಾವ ಇದನ್ನೆಲ್ಲ ಕೇಳಿ, "ತಪ್ಪು ಮಾಡದವರಿಗೆ ಮುಚ್ಚಿಡೋದು ಏನಿದೆ?" ಅಂದರು. ಮೇಷ್ಟ್ರು ಏನು ತಪ್ಪು ಮಾಡಿದ್ದರು? ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ಮೇಲೆ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಮಾವನಿಗೆ ಇದನ್ನು ಹೇಳಿದೆ. ಕಾಫಿ ಕುಡಿದು ಎದ್ದರು.

ನೀನು ಈಗ ಮಾಡಬೇಕಾದದ್ದು ಹೆಚ್ಚೇನಿಲ್ಲ. ಆ ಎಕ್ಸ್‌ಟೆನ್ಶನ್ ತೆಗೆ, ಮೇಲ್ ಪಾಸ್‌ವರ್ಡ್ ಬದಲಾಯಿಸು. ಬ್ಯಾಂಕ್ ಕೆಲಸ ನಿನ್ನ ಮೊಬೈಲ್ ಡೇಟಾದಲ್ಲೇ ಮಾಡು. ಫೈರ್‌ಫಾಕ್ಸ್ ಬ್ರೌಸರ್ ಹಾಕಿಕೊಂಡು ಅದಕ್ಕೆ ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಸೇರಿಸು, ಬೆನ್ನು ಹತ್ತುವ ಜಾಹೀರಾತುಗಳು ಅದರಲ್ಲೇ ಎಷ್ಟೋ ಕಡಿಮೆಯಾಗುತ್ತವೆ. ಹಾಸ್ಟೆಲಿನಲ್ಲಿ ಬ್ಲಾಕ್ ಆಗಿರುವುದು ಸಿನಿಮಾ ಸೈಟಾದರೆ ಅದು ನಿನಗೂ ನಿಮ್ಮ ವಾರ್ಡನ್‌ಗೂ ಬಿಟ್ಟದ್ದು, ನಾನು ನಡುವೆ ಬರುವುದಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ಸರ್ಟಿಫಿಕೇಟ್ ಏನಾದರೂ ಹೊಸದಾಗಿ ಸೇರಿದೆಯಾ ಅಂತ ಒಮ್ಮೆ ನೋಡು. ಗೊತ್ತಾಗದಿದ್ದರೆ ಸ್ಕ್ರೀನ್‌ಶಾಟ್ ಕಳಿಸು. ಹಗಲು ಬೇಡ, ಅಂಗಡಿ ಮುಚ್ಚಿದ ಮೇಲೆ ನೋಡುತ್ತೇನೆ. ಹಾಸನಾಂಬೆ ದರ್ಶನಕ್ಕೆ ಬರುವಾಗ ಲ್ಯಾಪ್‌ಟಾಪ್ ಮರೆಯದೆ ತಾ.

ನಿನ್ನ
ಅಪ್ಪ